ಪದ ಬೇಕು: ‘ವಿಂಟರ್ ಸ್ಕ್ವಾಷ್ ಮಫಿನ್’ (ಇವತ್ತು ಸಂಜೆಯೊಳಗೆ)

ಶಿವಮೊಗ್ಗದಿಂದ:

ಕನ್ನಡ ಪದ ಹುಡುಕುವ ಈ ಗುಂಪಿನ ಎಲ್ಲರಿಗೂ ನಮಸ್ಕಾರ. ಪದ ಅರ್ಜೆಂಟಾಗಿ ಬೇಕು. ಮನೆಯಲ್ಲೇ ಕೇಕ್, ಬನ್ ಮಾಡಿ ಮಾರುತ್ತೇನೆ. ಭಾನುವಾರ ಒಂದು ಮೇಳದಲ್ಲಿ ಮಳಿಗೆ ಹಾಕುತ್ತಿದ್ದೇನೆ. ಫ್ಲೆಕ್ಸ್ ಅಂಗಡಿಯವರು ಸಂಜೆಯೊಳಗೆ ಬರಹ ಕಳಿಸಿ ಅಂದಿದ್ದಾರೆ.

ತಿಂಡಿ ಅಮೆರಿಕದ್ದು. ಅಲ್ಲಿ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮನೆಮನೆಯಲ್ಲೂ ಮಾಡುತ್ತಾರೆ. ‘ವಿಂಟರ್ ಸ್ಕ್ವಾಷ್’ ಅನ್ನೋ ಕಾಯನ್ನು ಎರಡು ಹೋಳು ಮಾಡಿ ಓವನ್‌ನಲ್ಲಿ ಮೆತ್ತಗಾಗುವ ತನಕ ಇಡಬೇಕು. ಆಮೇಲೆ ತಿರುಳನ್ನು ಚಮಚದಲ್ಲಿ ಕೆರೆದು ತೆಗೆದು ಮೈದಾ, ಎಣ್ಣೆ, ಮೊಟ್ಟೆ, ಕಂದು ಸಕ್ಕರೆ ಜೊತೆ ಕಲಸುವುದು. ಚಕ್ಕೆ, ಒಣಶುಂಠಿ, ಜಾಯಿಕಾಯಿ, ಲವಂಗದ ಪುಡಿ ಬೀಳುತ್ತದೆ. ನಾನು ಸಕ್ಕರೆ ಬದಲು ಜೋನಿಬೆಲ್ಲ ಹಾಕುತ್ತೇನೆ. ಕಾಯಿ ನಮ್ಮ ಸಂತೆಯ ಕುಂಬಳವೇ.

ಇಂಗ್ಲಿಷಿನ ಪೂರ್ತಿ ಹೆಸರು ‘ವಿಂಟರ್ ಸ್ಕ್ವಾಷ್ ಸ್ಪೈಸ್ಡ್ ಆಟಮ್ ಮಫಿನ್’. ಫೋನಿನಲ್ಲಿ ಅನುವಾದ ಕೇಳಿದರೆ ‘ಚಳಿಗಾಲದ ಸ್ಕ್ವಾಷ್ ಮಸಾಲೆಯುಕ್ತ ಶರತ್ಕಾಲದ ಮಫಿನ್’ ಅಂತ ಬಂತು. ನಮ್ಮ ಕಡೆ ಸ್ಕ್ವಾಷ್ ಅಂದರೆ ಬಾಟಲಿಯ ಶರಬತ್ತು. ಮಸಾಲೆಯುಕ್ತ ಅಂದರೆ ಖಾರ ಅಂದುಕೊಂಡು ಮಕ್ಕಳು ಹತ್ತಿರವೂ ಬರಲ್ಲ. ಒಂದು ಸಾಲಿನಲ್ಲಿ ಮುಗಿಯುವ ಹೆಸರು ಕೊಡಿ, ದಯವಿಟ್ಟು.

ಸಾಗರದಿಂದ:

ಸಿಹಿಗುಂಬಳ. ಇದಕ್ಕೆ ಚರ್ಚೆ ಯಾಕೆ?

ತೀರ್ಥಹಳ್ಳಿಯಿಂದ:

ಚರ್ಚೆ ಇದೆ ಸಾಗರದವರೇ. ನೀವು ಯಾವಾಗಲೂ ಬಾಗಿಲು ಹಾಕುವ ಅವಸರದಲ್ಲೇ ಇರುತ್ತೀರಿ.

ಮೊದಲು ‘ವಿಂಟರ್’. ಅದು ಚಳಿಗಾಲದಲ್ಲಿ ಬೆಳೆಯುವ ಕಾಯಿ ಅಲ್ಲವೇ ಅಲ್ಲ. ಬೇಸಿಗೆಯಲ್ಲಿ ಬಳ್ಳಿ ಹಬ್ಬಿ, ಚಳಿ ಬೀಳುವ ಮುಂಚೆ ಕೊಯ್ಲಾಗುತ್ತದೆ. ಬಲಿತು ಸಿಪ್ಪೆ ಗಟ್ಟಿಯಾದ ಮೇಲೆ ಕೊಯ್ಯುವುದರಿಂದ ಚಳಿಗಾಲ ಪೂರ್ತಿ ಕೆಡದೆ ಉಳಿಯುತ್ತದೆ. ಹೆಸರು ಬಂದದ್ದು ಹಾಗೆ. ಎಳೆಯದಾಗಿಯೇ ಕೊಯ್ದು ತಿನ್ನುವ ಜುಕಿನಿ ಥರದ್ದು ಅವರಿಗೆ ‘ಸಮ್ಮರ್ ಸ್ಕ್ವಾಷ್’. ಹಾಗಾಗಿ ‘ಚಳಿಗಾಲದ’ ಅಂದರೆ ಶುದ್ಧ ತಪ್ಪು. ಇನ್ನೂ ಒಂದು ಅಪಾಯ ಇದೆ. ಇಂಗ್ಲಿಷಿನಲ್ಲಿ ‘ವಿಂಟರ್ ಮೆಲನ್’ ಅಂದರೆ ನಮ್ಮ ಬೂದುಗುಂಬಳ. ಯಾರಾದರೂ ಎರಡನ್ನೂ ಒಂದೇ ಅಂದುಕೊಂಡು ಬೂದುಗುಂಬಳ ತುರಿದು ಹಾಕಿದರೆ ನೀರೊಡೆದು ಹಿಟ್ಟು ಮೇಲೇಳುವುದೇ ಇಲ್ಲ.

ನಮ್ಮ ಕಡೆ ಬಲಿತ ಕುಂಬಳ ಅಟ್ಟಕ್ಕೆ ಹೋಗುತ್ತದೆ. ಮೊಗೆಕಾಯನ್ನು, ಅಂದರೆ ಮಂಗಳೂರು ಸೌತೆಯನ್ನು, ಬಾಳೆಪಟ್ಟೆಯಲ್ಲಿ ಕಟ್ಟಿ ಮಾಡಿನ ಕೆಳಗೆ ಸಾಲಾಗಿ ತೂಗುಹಾಕುತ್ತಾರೆ. ಮಳೆಗಾಲ ಹಿಡಿದರೆ ಅದೇ ತರಕಾರಿ. ‘ವಿಂಟರ್’ ಎನ್ನುವಲ್ಲಿ ಅವರು ಹೇಳುತ್ತಿರುವುದೂ ಕೂಡಿಟ್ಟು ತಿನ್ನುವ ಕಾಯಿ ಅಂತಲೇ. ಆದ್ದರಿಂದ ‘ಅಟ್ಟದ ಕುಂಬಳ’ ಅನ್ನಿ. ಅರ್ಥವೂ ಸರಿ, ಮಲೆನಾಡಿನ ವಾಸನೆಯೂ ಇದೆ.

ಸಾಗರದಿಂದ:

ಮೇಷ್ಟ್ರೇ, ‘ಅಡು’ ಧಾತುವಿನ ಭೂತಕೃದಂತ ಏನು? ‘ಅಟ್ಟ’. ಅಟ್ಟ ಅನ್ನ ಅಂದರೆ ಬೇಯಿಸಿದ ಅನ್ನ. ಷಷ್ಠಿ ಪ್ರತ್ಯಯ ಇದೆ ಅಂತ ನೀವು ವಾದ ಮಾಡ್ತೀರಿ, ಗೊತ್ತು. ಫ್ಲೆಕ್ಸ್ ಓದುವವರು ವಿಭಕ್ತಿ ನೋಡಲ್ಲ. ಶಿವಮೊಗ್ಗ ಪೇಟೆಯಲ್ಲಿ ಎಷ್ಟು ಮನೆಗೆ ಈಗ ಅಟ್ಟ ಇದೆ? ಸಿಹಿಗುಂಬಳ ಅಂದರೆ ತರಕಾರಿ ಅಂಗಡಿಯ ಹುಡುಗನಿಗೂ ಗೊತ್ತು.

ಬೆಂಗಳೂರಿನಿಂದ (ಊರು ಕೊಪ್ಪ):

ನಮ್ಮ ಕಡೆ ಚೀನಿಕಾಯಿ ಅಂತೀವಿ. ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಆದರೆ ನನ್ನ ತಕರಾರು ‘ಮಫಿನ್’ ಮೇಲೆ. ಎಲ್ಲದಕ್ಕೂ ಸಾಲ ಮಾಡಿ ಮಾಡಿ ನುಡಿ ಬಡವಾಗಿದೆ. ಕನ್ನಡದ್ದೇ ಪದ ಕಟ್ಟೋಣ.

ನನ್ನ ಸಲಹೆ ‘ಸಿಹಿಮೊಗೆ’. ಮೊಗೆ ಅಂದರೆ ಗಡಿಗೆ. ಮಫಿನ್ ಬಟ್ಟಲೂ ಒಂದು ಪುಟ್ಟ ಮೊಗೆಯೇ. ಮೊಗೆಕಾಯಿ ಕುಂಬಳದ ದಾಯಾದಿ. ಅದೂ ಅಲ್ಲದೆ ಶಿವಮೊಗ್ಗ ಅನ್ನುವ ಹೆಸರೇ ‘ಸಿಹಿ ಮೊಗೆ’ಯಿಂದ ಬಂತು ಅಂತ ಹೇಳುತ್ತಾರೆ. ಊರು, ಕಾಯಿ, ಬಟ್ಟಲು ಮೂರೂ ಒಂದೇ ಪದದಲ್ಲಿ ಬಂದುಬಿಡುತ್ತವೆ. ಒತ್ತಕ್ಷರ ಇಲ್ಲ, ಮಹಾಪ್ರಾಣ ಇಲ್ಲ.

ಸಾಗರದಿಂದ:

ಅರ್ಥವೂ ಇಲ್ಲ.

ತೀರ್ಥಹಳ್ಳಿಯಿಂದ:

ಊರಿನ ಹೆಸರನ್ನು ತಟ್ಟೆಗೆ ಹಾಕುವುದು ಬೇಡ. ‘ಶಿವನ ಮುಖ’ದಿಂದ ಬಂತು ಅನ್ನುವವರೂ ಇದ್ದಾರೆ. ಆ ಜಗಳ ಇಲ್ಲಿಗೆ ತಂದರೆ ಮೇಳ ಮುಗಿದರೂ ಈ ಮಾತು ಮುಗಿಯಲ್ಲ.

ಹೊಸನಗರದಿಂದ:

ಅಕ್ಕಾ, ‘ಆಟಮ್’ ಬಗ್ಗೆ ಯಾರೂ ಹೇಳಲೇ ಇಲ್ಲ. ‘ಎಲೆ ಉದುರುವ ಕಾಲ’ ಅಂತ ಮಾತ್ರ ಹಾಕಬೇಡಿ. ನಮ್ಮ ಕಾಡಲ್ಲಿ ಎಲೆ ಉದುರೋದು ಶಿವರಾತ್ರಿ ಹೊತ್ತಿಗೆ. ಅವರ ಆಟಮ್ ಇಲ್ಲಿ ಹಸ್ತ, ಚಿತ್ತೆ, ಸ್ವಾತಿ ಮಳೆಯ ಹೊತ್ತು. ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಶುರುವಿನವರೆಗೆ. ಗದ್ದೆಯೆಲ್ಲ ಹಸಿರು, ಭತ್ತ ಹೊಡೆ ತುಂಬಿಕೊಂಡಿರುತ್ತೆ. ಅದನ್ನೇ ಬಸುರಿ ಅಂತ ಕಂಡು ಭೂಮಿ ಹುಣ್ಣಿಮೆ ಮಾಡೋದು. ದೀವರ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಅದರಲ್ಲಿ ಅಡುಗೆ ಹೊತ್ತು ಬೆಳಗಿನ ಜಾವ ಗದ್ದೆಗೆ ಹೋಗ್ತಾರೆ. ಆ ಕಾಲಕ್ಕೆ ನಮ್ಮಲ್ಲಿ ಹೆಸರಿಲ್ಲ ಅಂತೇನಿಲ್ಲ. ಆದರೆ ‘ಶರತ್ಕಾಲ’ ಪಂಚಾಂಗದಲ್ಲಿ ಮಾತ್ರ ಇದೆ, ಬಾಯಲ್ಲಿ ಇಲ್ಲ. ‘ಭೂಮಿ ಹುಣ್ಣಿಮೆ ಮಫಿನ್’ ಅಂದರೆ ಅತಿಯಾಯ್ತು. ಋತುವನ್ನೇ ಬಿಟ್ಟುಬಿಡಿ.

ಹಾಗೇ ಸುಮ್ನೆ ಕೇಳ್ತೀನಿ, ಇಡೀ ಕುಂಬಳಕಾಯಿಗೆ ಮೊದಲ ಕತ್ತಿ ಹಾಕೋದು ಯಾರು? ನಮ್ಮನೆಯಲ್ಲಿ ಈಗಲೂ ಹೆಂಗಸರು ಹಾಕುವಂತಿಲ್ಲ. ಮಾವ ಬರುವ ತನಕ ಕಾಯಬೇಕು.

ಶಿವಮೊಗ್ಗದಿಂದ:

ನಾನೇ ಹಾಕ್ತೀನಿ. ಕಾಯೋಕೆ ಪುರುಸೊತ್ತಿಲ್ಲ.

ಋತು ಬಿಟ್ಟೆ. ಒಳ್ಳೆಯದಾಯಿತು, ಫ್ಲೆಕ್ಸಿನಲ್ಲಿ ಜಾಗವೂ ಉಳಿಯಿತು. ಆದರೆ ಮಫಿನ್‌ಗೆ ‘ಕೇಕ್’ ಅಂದುಬಿಡಲೇ ಅಂತ ಯಾರೂ ಸಲಹೆ ಕೊಡಬೇಡಿ. ಎರಡೂ ಬೇರೆ. ಕೇಕಿಗೆ ಬೆಣ್ಣೆ ಸಕ್ಕರೆಯನ್ನು ನೊರೆ ಬರುವಂತೆ ತಿರುವಬೇಕು. ಮಫಿನ್‌ಗೆ ಒಣಹಿಟ್ಟು ಒಂದು ಪಾತ್ರೆ, ಹಸಿಯದ್ದು ಇನ್ನೊಂದು ಪಾತ್ರೆ. ಕೊನೆಗೆ ಒಟ್ಟು ಮಾಡಿ ಮೆಲ್ಲಗೆ ತಿರುವಿ ಬಿಟ್ಟುಬಿಡಬೇಕು, ಗಂಟು ಇದ್ದರೂ ಪರವಾಗಿಲ್ಲ. ಜಾಸ್ತಿ ಕಲಕಿದರೆ ಮೈದಾಕ್ಕೆ ಜಿಗುಟು ಬಂದು ಒಳಗೆ ಉದ್ದುದ್ದ ತೂತಾಗುತ್ತದೆ, ಅಗಿಯಲು ಗಟ್ಟಿ. ಆಮೇಲೆ 180 ಡಿಗ್ರಿಯಲ್ಲಿ 20ರಿಂದ 25 ನಿಮಿಷ. ಕೇಕ್ ಅಂತ ಬರೆದರೆ ಜನ ಮೇಲೆ ಕ್ರೀಮ್ ಹುಡುಕುತ್ತಾರೆ.

ತೀರ್ಥಹಳ್ಳಿಯಿಂದ:

ಈಗ ವಿಷಯಕ್ಕೆ ಬಂದಿರಿ ತಂಗೀ. ಇದನ್ನು ಮೊದಲೇ ಹೇಳಿದ್ದರೆ ಆಗುತ್ತಿತ್ತು.

ಬೇಕ್ ಮಾಡುವುದಕ್ಕೆ ಕನ್ನಡದ ಕ್ರಿಯಾಪದ ‘ಸುಡು’. ರೊಟ್ಟಿ ಸುಡುತ್ತೇವೆ, ಹಪ್ಪಳ ಸುಡುತ್ತೇವೆ, ಇಟ್ಟಿಗೆ ಸುಡುತ್ತೇವೆ. ‘ಬೇಯಿಸು’ ಅಂದರೆ ನೀರು ಅಥವಾ ಆವಿ ಬೇಕು. ಇನ್ನು ನಾಮಪದ. ಘಟ್ಟದ ಕೆಳಗೆ ‘ಕೆಂಡದಡ್ಯ’ ಅಂತ ಒಂದು ತಿಂಡಿ ಇದೆ. ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಹಲಸಿನ ಹಣ್ಣು, ಸೌತೆಕಾಯಿ ಏನು ಸಿಕ್ಕರೂ ಬೆಲ್ಲ ಹಾಕಿ ಮಾಡುತ್ತಾರೆ. ಓವನ್ ಕೆಲಸವೂ ಅದೇ ಅಲ್ಲವೇ? ಮೇಲೂ ಬಿಸಿ, ಕೆಳಗೂ ಬಿಸಿ. ಮಲಯಾಳದ ‘ಅಡ’, ತಮಿಳಿನ ‘ಅಡೈ’, ನಮ್ಮ ‘ಅಡ್ಯ’, ಎಲ್ಲವೂ ‘ಅಡು’ ಧಾತುವಿನ ಮಕ್ಕಳು ಎಂಬುದು ನನ್ನ ಖಚಿತ ಅಭಿಪ್ರಾಯ. ‘ಕುಂಬಳದಡ್ಯ’. ಬರೆದುಕೊಳ್ಳಿ.

ಸಾಗರದಿಂದ:

ತಮಿಳಿನ ‘ಅಡೈ’ಗೆ ಒತ್ತಾಗಿ ಸೇರು, ಅಂಟು ಅನ್ನುವ ಅರ್ಥವೂ ಇದೆ. ಉಚ್ಚಾರ ಹತ್ತಿರ ಇದ್ದದ್ದಕ್ಕೆಲ್ಲ ನೆಂಟಸ್ತನ ಕಟ್ಟಬೇಡಿ. ಇರಲಿ, ‘ಅಡ್ಯ’ ಶಿವಮೊಗ್ಗದಲ್ಲಿ ಯಾರಿಗೆ ಅರ್ಥ ಆಗುತ್ತೆ? ಇನ್ನು ‘ಸುಡು’. ‘ಸುಟ್ಟ ಮಫಿನ್’ ಅಂತ ಬೋರ್ಡ್ ಹಾಕಿ, ಒಂದೂ ಮಾರಾಟ ಆಗಲ್ಲ.

ಬೆಂಗಳೂರಿನಿಂದ:

ಅಡ್ಯ ಒಳ್ಳೆಯ ಪದ. ನನ್ನ ಬೆಂಬಲ ಇದೆ. ಹೊರಗಿನ ಪದ ಬಿಟ್ಟು ಬೇರೆ ಏನು ಬೇಕಾದರೂ ಒಪ್ಪುತ್ತೇನೆ. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದ್ದು ಮಫಿನ್ ಅನ್ನೋದನ್ನು ಕನ್ನಡ ಲಿಪಿಯಲ್ಲಿ ಬರೆಯೋಕಾ?

ಸಾಗರದಿಂದ:

ಸರಿ, ಹೊರಗಿನ ಪದಗಳ ಲೆಕ್ಕವನ್ನೇ ತೆಗೆಯೋಣ.

ನೀವೇ ಹೇಳಿದ ‘ಚೀನಿಕಾಯಿ’. ಚೀನಾದಿಂದ ಬಂತು ಅಂತ ಇಟ್ಟ ಹೆಸರೋ, ಸಕ್ಕರೆಯ ‘ಚೀನಿ’ಯೋ, ಎರಡರಲ್ಲಿ ಯಾವುದಾದರೂ ಅದು ಅಚ್ಚಗನ್ನಡ ಅಲ್ಲ. ಮಫಿನ್‌ಗೆ ಹಾಕುವ ದಾಲ್ಚಿನ್ನಿ? ಪಾರ್ಸಿಯ ‘ದಾರ್‌ಚೀನಿ’, ಚೀನಾದ ಮರ ಅಂತ ಅರ್ಥ. ಮಸಾಲೆ ಅರಬ್ಬಿಯದ್ದು. ಮೈದಾ ಪಾರ್ಸಿಯದ್ದು. ಲವಂಗ ಸಂಸ್ಕೃತದ ದಾರಿಯಲ್ಲಿ ಬಂದದ್ದು.

ಈಗ ಕುಂಬಳ. ಕುಂಬಳ ಕನ್ನಡದ್ದೇ, ಒಪ್ಪಿದೆ. ಮಲಯಾಳದಲ್ಲಿ ಕುಂಬಳಂ, ತೆಲುಗಿನಲ್ಲಿ ಗುಮ್ಮಡಿ, ತುಳುವಿನಲ್ಲಿ ಕುಂಬುಡ. ಆದರೆ ಆ ಹೆಸರು ಮೊದಲು ಇದ್ದದ್ದು ಬೂದುಗುಂಬಳಕ್ಕೆ. ಸಿಹಿಗುಂಬಳ ಅಮೆರಿಕ ಖಂಡದ ಬಳ್ಳಿ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋಗುವ ಮುಂಚೆ ಅದು ನಮ್ಮ ಕಡೆ ಇರಲೇ ಇಲ್ಲ. ಹೊಸಬ ಬಂದು ಹಳಬನ ಹೆಸರು ಹಂಚಿಕೊಂಡ. ಆಮೇಲೆ ಇವನನ್ನು ಸಿಹಿ, ಅವನನ್ನು ಬೂದು ಅಂತ ಬೇರೆ ಮಾಡಬೇಕಾಯಿತು. ಮೆಣಸಿನ ಕಥೆಯೂ ಇದೇ. ಮೆಣಸು ಅಂದರೆ ಕರಿಯ ಕಾಳು ಮಾತ್ರ ಆಗಿತ್ತು. ಮೆಣಸಿನಕಾಯಿ ಸಮುದ್ರ ದಾಟಿ ಬಂದ ಮೇಲೆ ನಮ್ಮದೇ ಬೆಳೆಗೆ ನಾವು ಕಾಳುಮೆಣಸು ಅನ್ನಬೇಕಾಯಿತು, ಕರಾವಳಿಯವರು ಒಳ್ಳೆಮೆಣಸು ಅಂದರು.

ತಮಿಳರು ಸಿಹಿಗುಂಬಳಕ್ಕೆ ಏನು ಅಂತಾರೆ ಗೊತ್ತಾ? ಪರಂಗಿಕ್ಕಾಯ್. ಪರಂಗಿ ಅಂದರೆ ಬಿಳಿಯ, ಹೊರಗಿನವ. ನಾವು ಅದೇ ಪರಂಗಿಯನ್ನು ಪಪ್ಪಾಯಿಗೆ ಅಂಟಿಸಿದ್ದೇವೆ. ಅದೂ ಅಮೆರಿಕದ್ದೇ. ಸೀಮೆಬದನೆಯ ‘ಸೀಮೆ’ಯೂ ಹೀಗೇ.

ಕೊನೆಯದಾಗಿ ಇಂಗ್ಲಿಷಿನ ‘ಸ್ಕ್ವಾಷ್’. ಅದು ಇಂಗ್ಲಿಷಿನದ್ದೂ ಅಲ್ಲ. ಅಮೆರಿಕದ ಮೂಲನಿವಾಸಿಗಳಾದ ನ್ಯಾರಗ್ಯಾನ್ಸೆಟ್ ಜನರ ನುಡಿಯಿಂದ ಹದಿನೇಳನೇ ಶತಮಾನದಲ್ಲಿ ಎತ್ತಿಕೊಂಡದ್ದು. ಅವರ ಮಾತಿನಲ್ಲಿ ಹಸಿಯಾಗಿ ತಿನ್ನುವಂಥದ್ದು ಅಂತ ಅರ್ಥ. ಹಸಿಯಾಗಿ ತಿನ್ನೋಕೇ ಬಾರದ ಗಟ್ಟಿ ಕಾಯಿಗೂ ಅದೇ ಹೆಸರು ನಿಂತಿದೆ. ಇಂಗ್ಲಿಷ್ ಅದರಿಂದ ಬಡವಾಗಲಿಲ್ಲ.

ಬೆಂಗಳೂರಿನಿಂದ:

ಬಂದದ್ದೆಲ್ಲ ಬರಲಿ ಅನ್ನೋದಾದರೆ ಈ ಗುಂಪು ಯಾಕೆ ಬೇಕು? ಸಿಹಿಗುಂಬಳ ಅಂತ ಹೆಸರಿಟ್ಟವರು ಇದ್ದ ಪದದಿಂದಲೇ ಕಟ್ಟಿದರಲ್ಲ. ಅವರು ‘ಸ್ಕ್ವಾಷ್‌ಕಾಯಿ’ ಅನ್ನಲಿಲ್ಲ. ನಾನು ಕೇಳ್ತಿರೋದೂ ಅಷ್ಟೇ.

ಸಾಗರದಿಂದ:

ಈ ಮಾತು ಸರಿ ಇದೆ. ಆದರೆ ಅವರು ಕಾಯಿ ಬೆಳೆದು, ತಿಂದು, ತಲೆಮಾರು ಕಳೆದ ಮೇಲೆ ಹೆಸರು ನಿಂತದ್ದು. ಫ್ಲೆಕ್ಸ್ ಅಂಗಡಿಯವನು ಸಂಜೆಗೆ ಕೇಳುತ್ತಿದ್ದಾನೆ.

ಚಿಕ್ಕಮಗಳೂರಿನಿಂದ:

‘ಸ್ಪೈಸ್ಡ್’ ಅಂದರೆ ಸಂಬಾರ. ಸಂಬಾರ ಮಫಿನ್. ಶುದ್ಧ, ಚಿಕ್ಕದು.

ಹೊಸನಗರದಿಂದ:

ಇಡ್ಲಿ ಜೊತೆ ಕೊಡ್ತಾರಾ ಅಂತ ಕೇಳ್ತಾರೆ.

ಚಿಕ್ಕಮಗಳೂರಿನಿಂದ:

ಸಾಂಬಾರು ಬೇರೆ, ಸಂಬಾರ ಬೇರೆ. ಏಲಕ್ಕಿ ತೋಟದವರನ್ನು ಕೇಳಿ. ನರ್ಸರಿಯಲ್ಲಿ ಆಲ್‌ಸ್ಪೈಸ್ ಗಿಡಕ್ಕೆ ಸರ್ವಸಾಂಬಾರ ಅಂತಲೇ ಹೇಳೋದು. ಓದುಗರಿಗೆ ಗೊತ್ತಿಲ್ಲದಿದ್ದರೆ ಕಲಿಯಲಿ.

ಶಿವಮೊಗ್ಗದಿಂದ:

ಮಳಿಗೆಗೆ ಬರೋರು ತಿನ್ನೋಕೆ ಬರ್ತಾರೆ ಸಾರ್, ಕಲಿಯೋಕಲ್ಲ.

ಕಳಿಸಿಬಿಟ್ಟೆ. ಹೀಗೆ ಬರೆದಿದ್ದೇನೆ: ದೊಡ್ಡ ಅಕ್ಷರದಲ್ಲಿ ‘ಸಿಹಿಗುಂಬಳದ ಮಫಿನ್’. ಕೆಳಗೆ ಚಿಕ್ಕದಾಗಿ ‘ಜೋನಿಬೆಲ್ಲ, ಚಕ್ಕೆ, ಶುಂಠಿ, ಜಾಯಿಕಾಯಿ ಹಾಕಿದ್ದು’. ಮಸಾಲೆ, ಸಂಬಾರ ಎರಡೂ ಬಿಟ್ಟು ಏನು ಹಾಕಿದೆಯೋ ಅದನ್ನೇ ಹೇಳಿದೆ. ಖಾರ ಅಂತ ಯಾರೂ ಹೆದರಲ್ಲ. ಮೊಟ್ಟೆ ಇದೆ ಅಂತಲೂ ಸೇರಿಸಿದ್ದೇನೆ. ನಮ್ಮೂರಲ್ಲಿ ಮೊದಲು ಕೇಳೋದೇ ಅದನ್ನ.

ಕೆಂಡದಡ್ಯ ಮಾಡುವ ಕ್ರಮ ಗೊತ್ತಿದ್ದವರು ನನಗೆ ಬೇರೆಯಾಗಿ ಬರೆಯಿರಿ. ಸಿಹಿಗುಂಬಳದಲ್ಲಿ ಮಾಡಿ ನೋಡೋ ಆಸೆ ಇದೆ. ಅದಕ್ಕೆ ಬೋರ್ಡಿನಲ್ಲಿ ಅಡ್ಯ ಅಂತಲೇ ಹಾಕ್ತೀನಿ ಮೇಷ್ಟ್ರೇ.

ತೀರ್ಥಹಳ್ಳಿಯಿಂದ:

ನನ್ನ ಹೆಂಡತಿಯ ತವರು ಪುತ್ತೂರು ಕಡೆ. ಕೇಳಿ ಬರೆಯುತ್ತೇನೆ. ಕುಂಬಳ ಹಾಕಿದರೆ ಅಕ್ಕಿ ಸ್ವಲ್ಪ ತರಿಯಾಗಿ ರುಬ್ಬಿ, ನೀರು ಸೇರಿಸಲೇಬೇಡಿ ಅಂತ ಈಗಲೇ ಒಳಗಿಂದ ಕೂಗುತ್ತಿದ್ದಾಳೆ.

ಆದರೆ ‘ಹಾಕಿದ್ದು’ ಯಾಕೆ? ‘ಹಾಕಿದ’ ಅಂತ ವಿಶೇಷಣವಾಗಿ ಮೇಲಿನ ಸಾಲಿಗೆ ಸೇರಿಸಿದ್ದರೆ ವಾಕ್ಯ ಬಿಗಿಯಾಗುತ್ತಿತ್ತು. ‘ಮಫಿನ್’ ಕೂಡ ವ್ಯಂಜನಾಂತವಾಗಿ ನೇತಾಡುತ್ತಿದೆ. ಬ್ಯಾಂಕನ್ನು ಬ್ಯಾಂಕು, ಬಸ್ಸನ್ನು ಬಸ್ಸು ಮಾಡಿಕೊಂಡ ಹಾಗೆ ‘ಮಫಿನ್ನು’ ಆಗಬೇಕು. ಸಾಲ ತಂದದ್ದನ್ನು ಕನ್ನಡದ ಬಾಯಿಗೆ ಹೊಂದಿಸಿಕೊಳ್ಳುವುದೇ ಹಳಗನ್ನಡದಿಂದ ಬಂದ ಕ್ರಮ. ಇದರ ಬಗ್ಗೆ ಬೆಂಗಳೂರಿನವರು ಏನೂ ಹೇಳದೆ ಇರುವುದು ಆಶ್ಚರ್ಯ.

ಸಾಗರದಿಂದ:

ಫ್ಲೆಕ್ಸ್ ಪ್ರಿಂಟಿಗೆ ಹೋಯ್ತು ಮೇಷ್ಟ್ರೇ.

ಬೆಂಗಳೂರಿನಿಂದ:

‘ಮಫಿನ್ನು’ ಬಗ್ಗೆ ಬೇರೆ ಓಲೆ ಬರೆಯುತ್ತೇನೆ.