ಕಲಿಕೆಯ ಅಂತರಕ್ಕೆ ಮನೆಯೊಂದೇ ಕಾರಣವೇ?

ಪ್ರಶ್ನೆ: ಅಮೆರಿಕದ ಸುಮಾರು 6 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 1966ರ ಕೋಲ್‌ಮನ್ ವರದಿಯು, ಕಲಿಕೆಯ ವ್ಯತ್ಯಾಸಕ್ಕೆ ಶಾಲೆಯ ಸೌಲಭ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣವೆಂದಿತು. ಹಾಗಾದರೆ ಅಲ್ಲಿನ ಸರ್ಕಾರಿ ಶಾಲೆಗಳಿಗೆ ಹೆಚ್ಚು ಹಣ ಕೊಟ್ಟು ಪ್ರಯೋಜನವಿಲ್ಲವೇ?

ಉತ್ತರ 1: ತಮ್ಮ ತೀರ್ಮಾನ ಆತುರದ್ದೆನಿಸುತ್ತದೆ. ಟೆನೆಸಿ ರಾಜ್ಯದಲ್ಲಿ 1985ರಲ್ಲಿ ಆರಂಭವಾದ ಸ್ಟಾರ್ ಪ್ರಯೋಗದಲ್ಲಿ, ಯಾವ ಆಯ್ಕೆಯೂ ಇಲ್ಲದೆ ಯಾದೃಚ್ಛಿಕವಾಗಿ 13ರಿಂದ 17 ಮಕ್ಕಳ ಚಿಕ್ಕ ತರಗತಿಗಳಿಗೆ ಸೇರಿದವರು ಉಳಿದವರಿಗಿಂತ ಉತ್ತಮವಾಗಿ ಕಲಿತರು. ಕಪ್ಪುವರ್ಣೀಯ ಮಕ್ಕಳಿಗಂತೂ ಅದರ ಲಾಭ ಇನ್ನೂ ಹೆಚ್ಚಾಗಿತ್ತು.

ಉತ್ತರ 2: ಮನೆ ಮತ್ತು ಶಾಲೆಯನ್ನು ಹೀಗೆ ಬೇರ್ಪಡಿಸುವುದೇ ಕಷ್ಟ. ಅಲ್ಲಿ ಶಾಲೆಯ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದರಿಂದ, ಸಿರಿವಂತರ ಬಡಾವಣೆಗಳಿಗೆ ತಮ್ಮ ಶಾಲೆಗಾಗಿ ಹಣ ಕೂಡಿಸುವುದು ಸುಲಭ. ರಾಜ್ಯಗಳ ಅನುದಾನ ಈ ಅಂತರವನ್ನು ತುಸು ತಗ್ಗಿಸುತ್ತದೆ, ಆದರೆ ಎಲ್ಲೆಡೆಯೂ ಸಮನಾಗಿ ಅಲ್ಲ.