ಮಲಬಾರಿ ಆಡುಗಳಲ್ಲಿ ಗರ್ಭಪಾತ: ಬ್ರುಸೆಲ್ಲಾ ಪರೀಕ್ಷೆ ಹೇಗೆ?

ಪ್ರಶ್ನೆ (ಬದಿಯಡ್ಕ): ಹನ್ನೆರಡು ಆಡುಗಳಲ್ಲಿ ಎರಡು ನಾಲ್ಕನೇ ತಿಂಗಳಲ್ಲಿ ಕಂದು ಹಾಕಿವೆ. ಬ್ರುಸೆಲ್ಲೋಸಿಸ್ (ಬ್ರುಸೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ, ಮನುಷ್ಯರಿಗೂ ಹರಡುವ ರೋಗ) ಇರಬಹುದೇ? ಮನೆಯವರು ಏನು ಜಾಗ್ರತೆ ಮಾಡಬೇಕು?

ಉತ್ತರ 1: ಇರಬಹುದು. ಆಡುಗಳಲ್ಲಿ ಇದಕ್ಕೆ ಮುಖ್ಯವಾಗಿ ಬ್ರುಸೆಲ್ಲಾ ಮೆಲಿಟೆನ್ಸಿಸ್ ಎಂಬ ಜಾತಿ ಕಾರಣ, ಗರ್ಭಪಾತ ಗರ್ಭದ ಕೊನೆಯ ಎರಡು ತಿಂಗಳಲ್ಲೇ ಹೆಚ್ಚು ಕಾಣುತ್ತದೆ. ಆದರೆ ಕ್ಲಮೈಡಿಯಾ, ಟಾಕ್ಸೊಪ್ಲಾಸ್ಮಾ ಎಂಬ ಬೇರೆ ರೋಗಾಣುಗಳು ಕೂಡ ಹೀಗೇ ಮಾಡುತ್ತವೆ, ಊಹೆ ಬೇಡ. ಪಶುವೈದ್ಯರಿಂದ ಎಲ್ಲಾ ದೊಡ್ಡ ಆಡುಗಳ ರಕ್ತ ತೆಗೆಸಿ ರೋಸ್ ಬೆಂಗಾಲ್ ಪರೀಕ್ಷೆ (ಸೋಂಕಿನ ವಿರುದ್ಧದ ಪ್ರತಿಕಾಯ ರಕ್ತದಲ್ಲಿದೆಯೇ ಎಂದು ನೋಡುವ ಪರೀಕ್ಷೆ) ಮಾಡಿಸಿ. ಆಡು-ಕುರಿಗೆ 25 ಮೈಕ್ರೋಲೀಟರ್ ಆ್ಯಂಟಿಜನ್‌ಗೆ (ಸತ್ತ ಬ್ರುಸೆಲ್ಲಾ ಇರುವ ಬಣ್ಣದ ದ್ರವ) 75 ಮೈಕ್ರೋಲೀಟರ್ ಸೀರಂ (ರಕ್ತದ ತಿಳಿ ಭಾಗ) ಬೆರೆಸಿ 4 ನಿಮಿಷದೊಳಗೆ ಸಣ್ಣ ಗಂಟುಗಳು ಕಟ್ಟುತ್ತವೆಯೇ ನೋಡುತ್ತಾರೆ. ದನಗಳ ಸಮಪ್ರಮಾಣದ ವಿಧಾನ ಬಳಸಿದರೆ ರೋಗವಿರುವ ಕೆಲವು ಆಡುಗಳು ತಪ್ಪಿಹೋಗುತ್ತವೆ. ಪಾಸಿಟಿವ್ ಬಂದದ್ದನ್ನು ಎಲೈಸಾ ಎಂಬ ಇನ್ನೊಂದು ರಕ್ತ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ. ರೋಗ ಕಡಿಮೆ ಇರುವ ಊರಲ್ಲಿ ಸುಳ್ಳು ಪಾಸಿಟಿವ್‌ಗಳ ಪಾಲು ಹೆಚ್ಚು, ಒಂದೇ ಪರೀಕ್ಷೆ ನಂಬಿ ರೋಗ ಇಷ್ಟಿದೆ ಎಂದು ಹೇಳುವುದು ತಪ್ಪು.

ಉತ್ತರ 2: ಬಿದ್ದ ಕಂದು, ಮಾಸನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಸ್ಯಾಂಪಲ್ ತೆಗೆದ ಮೇಲೆ ಆಳವಾಗಿ ಹೂತು ಸುಣ್ಣ ಹಾಕಿ, ನಾಯಿಗೆ ಸಿಗಬಾರದು. ಬಾವಿಯಿಂದ ದೂರ ಇರಲಿ. ಕಂದು ಹಾಕಿದ ಆಡನ್ನು ಬೇರೆ ಕಟ್ಟಿ, ಹಾಲು ಚೆನ್ನಾಗಿ ಕುದಿಸದೆ ಕುಡಿಯಬೇಡಿ. ಗರ್ಭಿಣಿಯರು ಕೊಟ್ಟಿಗೆಗೆ ಹೋಗುವುದು ಬೇಡ. ರೋಗ ಖಚಿತವಾದ ಆಡಿಗೆ ಔಷಧಿ ಕೊಟ್ಟು ಇಟ್ಟುಕೊಳ್ಳುವುದು ಸರಿಯಲ್ಲ. ಸೋಂಕು ಒಳಗೇ ಉಳಿಯುತ್ತದೆ. ಸಂತೆಗೆ ಮಾರಿ ಇನ್ನೊಬ್ಬರ ಹಟ್ಟಿಗೆ ದಾಟಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಉತ್ತರ 3: ಮನುಷ್ಯರಲ್ಲಿ ಲಕ್ಷಣ ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 1ರಿಂದ 4 ವಾರದಲ್ಲಿ, ಕೆಲವೊಮ್ಮೆ ತಿಂಗಳುಗಳ ನಂತರ: ಬಂದು ಹೋಗುವ ಜ್ವರ, ರಾತ್ರಿ ಬೆವರು, ಸೊಂಟನೋವು. ಟೈಫಾಯ್ಡ್ ಎಂದು ಭಾವಿಸುವವರೇ ಹೆಚ್ಚು. ಆಡು ಸಾಕುವುದನ್ನು ಡಾಕ್ಟರಿಗೆ ತಾವಾಗಿಯೇ ಹೇಳಿ. ಚಿಕಿತ್ಸೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ, ಆರು ವಾರ. ಜ್ವರ ಇಳಿಯಿತೆಂದು ಎರಡನೇ ವಾರಕ್ಕೆ ನಿಲ್ಲಿಸಿದರೆ ಮರುಕಳಿಸುತ್ತದೆ.