ಅಪ್‌ಡೇಟ್: ಮೆಣಸಿನ ಬಳ್ಳಿಗೆ ಟ್ರೈಕೋಡರ್ಮಾ ಹಾಕಿದ ಮೇಲೆ

ಅಡಿಕೆ ತೋಟದ ಕಾಳುಮೆಣಸಿನ ಬಳ್ಳಿಗಳು ಎಲೆ ಉದುರಿಸಿ ಸೊರಗುತ್ತಿವೆ, ಏನು ಮಾಡಲಿ ಅಂತ ಹೋದ ಮಳೆಗಾಲದಲ್ಲಿ ಕೇಳಿದ್ದೆ. ಟ್ರೈಕೋಡರ್ಮಾ (ರೋಗಾಣುವನ್ನು ತಿನ್ನುವ ಒಳ್ಳೆಯ ಶಿಲೀಂಧ್ರ, ಪುಡಿಯಾಗಿ ಸಿಗುತ್ತದೆ) ಹಾಕಿ ಎಂದು ತುಂಬಾ ಜನ ಹೇಳಿದಿರಿ. ಈ ಸಲದ ಮಳೆ ಮುಗಿಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಪುಡಿಯನ್ನು ಸೀದಾ ಬುಡಕ್ಕೆ ಚೆಲ್ಲಲಿಲ್ಲ. 90 ಕೆಜಿ ಕೊಟ್ಟಿಗೆ ಗೊಬ್ಬರ, 10 ಕೆಜಿ ಬೇವಿನ ಹಿಂಡಿಗೆ 1 ಕೆಜಿ ಟ್ರೈಕೋಡರ್ಮಾ ಬೆರೆಸಿ, ನೆರಳಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಮುಚ್ಚಿದೆವು. ಆಗಾಗ ಮಗುಚುತ್ತಿದ್ದೆವು. ಸ್ವಲ್ಪ ದಿನಕ್ಕೆ ಹೆಂಟೆ ಒಡೆದರೆ ಒಳಗೆ ಬಿಳಿ ನೂಲಿನಂಥ ಬೂಸ್ಟು, ಅದರ ಮೇಲೆ ಹಸಿರು ಪುಡಿ. ಗೊಬ್ಬರ ಕೆಟ್ಟಿತು ಅಂದುಕೊಂಡರು ಅಮ್ಮ. ನಮಗೆ ಬೇಕಾದ ಶಿಲೀಂಧ್ರವೇ ಅದು! ಎರಡು ವಾರ ಕಳೆದ ಮೇಲೆ ಬುಡಕ್ಕೆ ಹಾಕಿದೆವು. ಮುಂಗಾರು ಶುರುವಿನಲ್ಲಿ ಒಮ್ಮೆ, ಆಗಸ್ಟ್ ಕೊನೆಗೆ ಇನ್ನೊಮ್ಮೆ.

ಪೂರ್ತಿ ಸೊರಗಿದ್ದವು ಬದುಕಲಿಲ್ಲ, ಕಿತ್ತು ಸುಟ್ಟೆವು. ಆದರೆ ಅವುಗಳ ಅಕ್ಕಪಕ್ಕದ ಬಳ್ಳಿಗಳು ಹಸಿರಾಗಿ ನಿಂತಿವೆ. ನನಗಂತೂ ತುಂಬಾ ಖುಷಿಯಾಗಿದೆ.

ತಗ್ಗಿನಲ್ಲಿ, ನೀರು ನಿಲ್ಲುವ ಕಡೆ ಮಾತ್ರ ಮತ್ತೆ ಕೆಲವು ಹೋದವು. ಟ್ರೈಕೋಡರ್ಮಾ ಬೇರಿನ ಸುತ್ತ ಜಾಗ ಹಿಡಿಯುತ್ತದೆ, ರೋಗಾಣುವಿನ ಎಳೆಗಳಿಗೆ ಸುತ್ತಿಕೊಂಡು ಅವನ್ನು ತಿನ್ನುತ್ತದೆ, ನಿಜ. ಆದರೆ ಸೊರಗು ರೋಗ ತರುವ ಫೈಟಾಫ್ತೊರಾ ಎಂಬ ರೋಗಾಣುವಿನ ಬೀಜಾಣುಗಳು ನಿಂತ ನೀರಲ್ಲಿ ಈಜಿಕೊಂಡೇ ಬೇರು ತಲುಪುತ್ತವೆ. ಬಸಿಗಾಲುವೆ ಸರಿ ಇಲ್ಲದಿದ್ದರೆ ಎಷ್ಟು ಪುಡಿ ಹಾಕಿದರೂ ಸಾಲದು. ಅಲ್ಲೀಗ ಕಾಲುವೆ ಆಳ ಮಾಡಿಸುತ್ತಿದ್ದೇವೆ.

ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ತಾಮ್ರದ ಔಷಧಿ) ಬಗ್ಗೆ ಕೇಳಿದವರಿಗೆ: ಎಲೆಗೆ 1% ಬೋರ್ಡೋ ಹೊಡೆಯುವುದನ್ನು ಬಿಟ್ಟಿಲ್ಲ. ಟ್ರೈಕೋಡರ್ಮಾ ಹಾಕಿದ ಬುಡಕ್ಕೆ ಮಾತ್ರ ತಾಮ್ರದ ಔಷಧಿ ಸುರಿಯಬೇಡಿ, ಸುಮ್ನೆ ಆ ಒಳ್ಳೆಯ ಶಿಲೀಂಧ್ರಕ್ಕೂ ಪೆಟ್ಟು. ಪ್ಯಾಕೆಟ್ ಕೊಳ್ಳುವಾಗ ತಯಾರಾದ ತಾರೀಕು ನೋಡಿ. ಜೀವ ಇರುವ ಸರಕು, ಹಳೆಯದಾದರೆ ಕೆಲಸ ಮಾಡುವುದಿಲ್ಲ.